ಸ್ವಂತ ಇಚ್ಛೆಯಿಂದ

ಮೂರನೇ ಕೌಂಟರಿನ ಹುಡುಗ, ಸಂಶಿ ಅಂತ ಅವನ ಅಡ್ಡಹೆಸರು,
ಪರದೆ ನನ್ನ ಕಡೆ ತಿರುವಿ ಬಟ್ಟಿಟ್ಟು ತೋರಿಸಿದ:
"ಇಲ್ಲಿ ನೋಡ್ರಿ ಅಕ್ಕಾರ, ನೀವಾಗೇ ಬಿಟ್ಟೀರಿ."

ಬಗ್ಗಿ ನೋಡಿದೆ.
ಇಂಗ್ಲಿಷಿನಾಗ ಒಂದು ಸಾಲು, ಬಾಜೂಕ ಒಂದು ತಾರೀಖು.
ತಾರೀಖಿನ ಗುರ್ತು ಸಿಕ್ತು.

ಅವತ್ತು ಬುಧವಾರ, ಎರಡನೇ ಪಾಳಿ.
ವಾಲ್ವಿನ ಬಾಯಿಗೆ ಗೇಜು ಇಟ್ಟು ನೋಡಾಕತ್ತಿದ್ದೆ,
ಒಬ್ಬೊಬ್ಬರನ್ನ ಒಳಗ ಕರೆದ್ರು.
ಟೇಬಲ್ ಮ್ಯಾಲೆ ಹಾಳಿ, ಹಾಳಿ ಮ್ಯಾಲೆ ಪೆನ್ನು,
ಪೆನ್ನಿನ ಮಗ್ಗಲಕ ಒಂದು ಕಪ್ಪು ಚಾ.
ಹನ್ನೊಂದು ವರ್ಷದಾಗ ಆ ಖೋಲಿಯೊಳಗ ಮೊದಲ್ನೇ ಚಾ.
"ಸಹಿ ಹಾಕ್ರಿ, ಲೆಕ್ಕ ಲಗೂನ ಚುಕ್ತಾ ಆಕ್ಕೈತಿ."
ಯಾಲಕ್ಕಿ ಹಾಕಿದ್ರು. ಅದೊಂದು ಮರ್ತಿಲ್ಲ.

ಸಂಶಿ ಕನ್ನಡದಾಗ ಹೇಳಿದ ಮ್ಯಾಲೆ
ಆ ಎರಡು ಶಬ್ದ, ಸ್ವಂತ ಇಚ್ಛೆ,
ಹೊಸಾ ಚಪ್ಪಲಿ ಹಂಗ
ಚಿಗರಿ ಬಸ್ಸಿನ ನಿಲ್ದಾಣದ ತನಕ ಕಚ್ಚಿಕೋತ ಬಂದ್ವು.

ಒಂಬತ್ತನೇತ್ತೆ ಬಿಡಿಸಿದಾಗ ಕೇಳಿದ್ದಿಲ್ಲ ಯಾರೂ,
ಕುಂದಗೋಳಕ್ಕ ಕೊಟ್ಟಾಗ ಇಲ್ಲ,
ಗಂಟು ಹೊತ್ತು ತಿರುಗಿ ಬಂದಾಗಂತೂ ಇಲ್ಲೇ ಇಲ್ಲ.
ನಲವತ್ತಾರು ವರ್ಷ ಎಲ್ಲಿ ಅಡಗಿತ್ತೋ ಈ ಇಚ್ಛಾ,
ಪುಣ್ಯಾತ್ಮರು ಹುಡುಕಿ ತೆಗೆದು
ನೌಕರಿ ಹೋದ ದಿನಾನ ನನ್ನ ಹೆಸರಿಗೆ ಹಚ್ಚಿದ್ರು.

ಹೆಸರರ ನಂದೇನು?
ಆಧಾರದಾಗ ದಾಕ್ಷಾಯಿಣಿ.
ಕಂಪನಿ ರಿಕಾರ್ಡಿನ್ಯಾಗ ದ್ರಾಕ್ಷಾಯಣಿ.
ಬ್ಯಾಂಕಿನವರು ಜಾಗಾ ಸಾಲದ ದ್ರಾಕ್ಷಾಯ್ ಅಂತ ಕತ್ತರಿಸ್ಯಾರ.
"ಮೂರೂ ಒಬ್ಬಾಕಿನ ಅಂತ ಅಫಿಡವಿಟ್ ಬೇಕ್ರಿ,"
ಅಂದ ಸಂಶಿ, ಸಣ್ಣ ದನಿಲೆ, ತಾನ ತಪ್ಪು ಮಾಡಿದವರ ಹಂಗ.
ಅಲ್ಲೋ ತಮ್ಮಾ, ಮೂರು ಮಂದಿ ಇದ್ದರ
ಸಹಿ ಹಾಕಿದಾಕಿ ಯಾವಾಕಿ?
ಆಕಿನ್ನ ಹಿಡಕೊಂಡು ಬಾ, ನಾನೂ ನಾಕು ಮಾತು ಕೇಳತೇನಿ.
ಇದನ್ನ ಬಾಯಿ ಬಿಟ್ಟು ಅನ್ನಲಿಲ್ಲ. ಹಿಂದ ಪಾಳಿ ಉದ್ದಿತ್ತು.

ಯೋಜನಾ ಏನೋ ಛಲೋ ಐತಂತ.
ಅರ್ಧ ಪಗಾರ, ತೊಂಬತ್ತು ದಿನ,
ಜೀವಮಾನದಾಗ ಒಂದ ಸಲ.
(ಲಗ್ನಕ್ಕೂ ಹಿಂಗ ಅಂದಿದ್ರು.)
ತಗದವರಿಗೆ ಐತಿ, ತಾವ ಬಿಟ್ಟವರಿಗೆ ಇಲ್ಲ.
ಕಂಪನಿಯವರು ಒಂದು ಸಾಲು ತಿದ್ದಿದರ ಮುಗೀತು.

ತಾರಿಹಾಳದ ಗೇಟಿಗೆ ಹೋದೆ.
ಒಳಗಿಂದ ಮಶೀನಿನ ಸಪ್ಪಳ, ನನ್ನ ಮಶೀನಿಂದೂ ಅದರಾಗ ಇತ್ತು,
ಕಿವಿಗೆ ತಿಳಿತೈತಿ, ಕೂಸಿನ ಅಳು ತಿಳಿದಂಗ.
ನದಾಫ ಚಾಚಾ ಸರಳಿನ ಆಚೆ.
"ಒಳಗ ಬಿಡಬ್ಯಾಡ ಅಂದಾರವ್ವ,
ಕಾಗದ ಕೊಟ್ಟರೂ ತಗೋಬ್ಯಾಡ ಅಂದಾರ."
ಸುಮ್ಮನ ನಿಂತೆ. ಅವನೂ ನಿಂತ.
ಆಮ್ಯಾಲೆ ಏನು ನೆಪ್ಪಾತೋ,
ಗೇಟಿನ ವಹಿ ತಂದು ಹಾಳಿ ತಿರುವಿ
ಸರಳಿಗೆ ಹಚ್ಚಿ ಹಿಡಿದ.

ಬುಧವಾರ. ಅವನದ ಕೋಳಿಕಾಲಿನ ಕನ್ನಡ:
'ರಾತ್ರಿ 8-40. ಕೆಲಸದಿಂದ ತಗದ ಮಂದಿ 19.
ಚೀಲ ತಪಾಸ ಮಾಡಿ ಹೊರಗ ಬಿಟ್ಟೇನಿ.'
ಕೆಳಗ ಹತ್ತೊಂಬತ್ತು ಹೆಸರು.
ಏಳನೇದು ನಂದು: ದರಾಕ್ಷವ್ವ.

ಫೋನ್ ತಗದೆ.
"ಬೆಳಕಿಗೆ ಹಿಡೀರಿ ಚಾಚಾ."
"ನಾ ತೋರಿಸಿಲ್ಲ, ನೀ ನೋಡಿಲ್ಲ," ಅಂದ, ಬೆಳಕಿಗೆ ಹಿಡಿದ.

ಮರುದಿನ ಸಂಶಿ ಫೋಟೋ ದೊಡ್ಡದು ಮಾಡಿ, ಸಣ್ಣದು ಮಾಡಿ,
ಒಳಗಿನ ಸಾಹೇಬರಿಗೆ ತೋರಿಸಿ ಬಂದ.
"ತಕರಾರು ಅರ್ಜಿ ಬರೀರಿ. ಇದನ್ನ ಜೋಡಿಸೂಣು.
ನಡಿತೈತಿ ಅಂತ ನಾ ಹೇಳೂದಿಲ್ಲ ಮತ್ತ."
ಹೆಸರು ಈಗ ನಾಕು ಆದ್ವಲ್ಲ, ಅಂದೆ.
ನಕ್ಕ. ಅವನ ಹಲ್ಲು ನೋಡಿದ್ದು ಅವತ್ತ.

ಅರ್ಜಿಯ ತಳಕ್ಕ ಮೊದಲ ಅಚ್ಚಾದ ಸಾಲೊಂದಿತ್ತು:
'ಇದನ್ನು ನಾನು ಸ್ವಂತ ಇಚ್ಛೆಯಿಂದ ಸಲ್ಲಿಸಿರುತ್ತೇನೆ.'
ಬಟ್ಟಿಟ್ಟು ಎರಡು ಸಲ ಓದಿದೆ.
ಚಾ ಯಾರೂ ಕೊಟ್ಟಿದ್ದಿಲ್ಲ.
ಪೆನ್ನು ನಂದ ಇತ್ತು.

ಫೋಟೋದ ಮೂಲ್ಯಾಗ ಚಾಚಾನ ಹೆಬ್ಬಟ್ಟು ಬಂದೈತಿ,
ಕತ್ತರಿಸೇನ್ರಿ, ಅಂತ ಸಂಶಿ ಕೇಳಾಕತ್ತಾನ.