ನವಿಲಿಗೆ ಜ್ವರ

ಸೊಲ್ಲಾಪುರ, ಅಕ್ಕಲಕೋಟ ರಸ್ತೆಯ ಕಾರ್ಖಾನೆ.
ಮಹಡಿಯ ಮೇಲೆ ನಾನು, ಕೆಳಗೆ ಇಪ್ಪತ್ತೆರಡು ಮಗ್ಗ.
ಮೇಜಿನ ಮೇಲಿನ ಚಹಾದಲ್ಲಿ
ಯಾವಾಗಲೂ ಒಂದು ಉಂಗುರ ನಡುಗುತ್ತಿರುತ್ತದೆ.

ಆರುನೂರ ಹನ್ನೆರಡು ಚಾದರ, ಅಷ್ಟೇ ಫೋಟೊ.
ಒಂದೊಂದೂ ಗೋಡೆಯಷ್ಟು ಅಗಲ;
ಗಿರಾಕಿಯ ಫೋನಿನೊಳಗೆ ಅಂಗೈಯಷ್ಟಾಗಬೇಕು,
ಬೆಳಗಾಗುವುದರೊಳಗೆ, ಅಂದರು ಯೆಮುಲ ಶೇಟ್,
ಮರಾಠಿಯಲ್ಲಿ ಶುರುಮಾಡಿ ತೆಲುಗಿನಲ್ಲಿ ಬೈದು.

ಒಂದೊಂದಾಗಿ ಮಾಡಿದರೆ ಶ್ರಾವಣ ಬಂದೀತು.
ಕಪ್ಪು ಪರದೆ ತೆರೆದು ಐದು ಸಾಲು ಬರೆದೆ:
ಈ ಗಂಟಿನೊಳಗಿನ ಪ್ರತಿಯೊಂದನ್ನೂ ಎತ್ತಿಕೊ,
ಅಗಲ ಎಂಟುನೂರು ಮಾಡು, ಎತ್ತರ ನೀನೇ ನೋಡಿಕೊ,
‘ಸಣ್ಣವು’ ಎಂಬ ಗಂಟಿನಲ್ಲಿ ಇಡು,
ಮೂಲವನ್ನು ಮುಟ್ಟಬೇಡ,
ಮುಗಿಯುವ ತನಕ ನನ್ನನ್ನು ಕೇಳಬೇಡ.

ಕೇಳಲಿಲ್ಲ. ಕಡತದ ಹೆಸರುಗಳು ಸರಸರ ಮೇಲೇರಿದವು.

ಹಿಂದೆ ರೇವಣಪ್ಪ ನಿಂತಿದ್ದ,
ನಲವತ್ತು ವರ್ಷದಿಂದ ರಟ್ಟಿಗೆ ತೂತು ಹೊಡೆಯುವವನು:
ತೂತಿದ್ದಲ್ಲಿ ಏಳು ನೂಲೇ, ಇಲ್ಲದಲ್ಲಿ ಸುಮ್ಮನಿರು.
“ಇದೂ ರಟ್ಟೇ ಬಿಡವ್ವಾ,” ಅಂದ,
“ಬರೇ ತೂತು ಕಾಣ್ಸೂದಿಲ್ಲ.”

ನೂರಾ ನಲವತ್ತನೆಯದು ಅವನದೇ ನವಿಲು.
ತೆರೆದರೆ
ಎದೆಯ ತುಂಬ ಬಣ್ಣಬಣ್ಣದ ಅಲೆ,
ಯಾವ ಮಗ್ಗವೂ ನೇಯದ ಅಲೆ.
“ನನ್ನ ನವಿಲಿಗೆ ಜ್ವರ ಬಂದಾವೇನ?”

ಮೂಲ ತೋರಿಸಿದೆ. ಅಲ್ಲಿ ಅಲೆ ಇಲ್ಲ,
ನೂಲು, ನೂಲಿನ ಪಕ್ಕ ನೂಲು.
ಐದು ಎಳೆಗೆ ಒಂದೇ ಜಾಗ ಸಿಕ್ಕರೆ
ಎಳೆಗಳು ಜಗಳಕ್ಕೆ ಬೀಳುತ್ತವೆ, ಆ ಜಗಳವೇ ಇದು
ಎಂದು ನಾನು ವಿವರಿಸುತ್ತಿರುವಾಗಲೇ
ಅವನು ಎಂಟು ಹೆಜ್ಜೆ ಹಿಂದೆ ಸರಿದು
ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

“ಹೊಸ ನಮೂನಿ ನಾವು ಹಿಂಗ ನೋಡ್ತೀವಿ, ರೆಪ್ಪಿ ಅರ್ಧಾ ಮುಚ್ಚಿ.
ಮೊದ್ಲ ಸ್ವಲ್ಪ ಮಬ್ಬು ಮಾಡ್ಕೋ. ಆಮ್ಯಾಗ ಸಣ್ಣದು ಮಾಡು.”

ಮಬ್ಬಿಗೂ ಒಂದು ಪದವಿತ್ತು. ಸೇರಿಸಿದೆ,
ಕುಗ್ಗಿಸುವ ಪದಕ್ಕಿಂತ ಮುಂಚೆ;
ಆಮೇಲೆ ಇಟ್ಟರೆ ಅಲೆಯೇ ಮಬ್ಬಾಗುತ್ತದೆ, ಅಷ್ಟೆ.
‘ಸಣ್ಣವು’ ಖಾಲಿ ಮಾಡಿ ಮತ್ತೆ ಒಂದರಿಂದ.

ಮೂವತ್ತು ದಾಟಿರಲಿಲ್ಲ, ಕರೆಂಟು ಹೋಯಿತು.
ಇಪ್ಪತ್ತೆರಡು ಮಗ್ಗ ಒಟ್ಟಿಗೆ ನಿಂತವು.
ಕೆಳಗೆ ಯಾರೋ ಕೆಮ್ಮಿದ್ದು ಮೊದಲ ಸಲ ಕೇಳಿಸಿತು,
ಚಹಾ ಕನ್ನಡಿಯಾಯಿತು.

ಬ್ಯಾಟರಿಯ ಮೇಲೆ ನನ್ನ ಐದು ಸಾಲು, ಈಗ ಆರು,
ಇಡೀ ಕಟ್ಟಡದಲ್ಲಿ ಅದೊಂದೇ ಓಡುತ್ತಿತ್ತು.
ರೇವಣಪ್ಪ ಸ್ಟೂಲು ಎಳೆದುಕೊಂಡು
ಪರದೆಯ ಬೆಳಕಿನಲ್ಲಿ ಎಣಿಸುತ್ತ ಕೂತ,
ನೂರಾ ಮೂವತ್ತೆಂಟು,
ನೂರಾ ಮೂವತ್ತೊಂಬತ್ತು...