ಮಾದರಿ ಉತ್ತರ

ಅರ್ಗಾದ ಈ ಕೋಣೆಯಲ್ಲಿ ರಾತ್ರಿ ಹನ್ನೊಂದು.
ಮೇಜಿನ ಮೇಲೆ ಇಪ್ಪತ್ತಮೂರು ಉತ್ತರಪತ್ರಿಕೆ,
ಕೆಂಪು ಪೆನ್ನು, ಕೆನೆಗಟ್ಟಿದ ಚಹಾ,
ಮೇಲಿನಿಂದ ಬಂದ ಒಂದು ಹಾಳೆ:
‘ವಿಮರ್ಶಾತ್ಮಕ ಚಿಂತನೆ: ಹತ್ತಕ್ಕೆ ಎಷ್ಟು?’

ಹತ್ತಕ್ಕೆ ಎಷ್ಟು.
ಗದುಗಿನ ಪೇಟೆಯಲ್ಲಿ ಅಪ್ಪ ಮೆಣಸಿನಕಾಯಿಯನ್ನು
ಮೂಗಿಗೆ ಹಿಡಿದು ದರ ಹೇಳುತ್ತಿದ್ದ.
ಈ ಹಾಳೆಯಲ್ಲಿ ಮೂಗಿಗೆ ಕಾಲಂ ಇಲ್ಲ.

ಪ್ರಶ್ನೆ ನನ್ನದೇ:
ಕಾಳಿ ನದಿಯ ಅಳಿವೆ. ಇಳಿತ ಶುರುವಾಗಿದೆ.
ದೇವಬಾಗದ ಆಚೆ ದೋಣಿ ಮಗುಚಿದೆ, ಒಂಬತ್ತು ಜನ.
ನಕ್ಷೆ ಇದೆ, ಆದೇಶ ಇದೆ, ನಲವತ್ತು ನಿಮಿಷ ಇದೆ.
ಏನು ಮಾಡುತ್ತೀರಿ?

ಆದೇಶದಲ್ಲೊಂದು ಹುಳುಕು ನಾನೇ ಇಟ್ಟಿದ್ದೆ,
ಇಲಿಬೋನಿಗೆ ಕೊಬ್ಬರಿ ಚೂರು ಸಿಕ್ಕಿಸಿದ ಹಾಗೆ:
ಭರತದ ಹೊತ್ತು ಒಂದು ತಾಸು ಆಚೀಚೆ.
ಹದಿನಾಲ್ಕು ಮಂದಿ ಹಿಡಿದರು.
ಹಿಡಿದವರೆಲ್ಲ ಬರೆದದ್ದು ಒಂದೇ ವಾಕ್ಯ,
‘ಊಹೆಗಳನ್ನು, ಮೊದಲು, ಪ್ರಶ್ನಿಸಬೇಕು’.
ಮಂಗಳವಾರ ಹಲಗೆಯ ಮೇಲೆ ನಾನು ಬರೆದದ್ದೇ,
ಆ ಬೇಡದ ಅಲ್ಪವಿರಾಮಗಳ ಸಮೇತ.

ಪ್ರಶ್ನಿಸಿ ಎಂದೆ.
ಯೆಸ್ ಸರ್ ಎಂದು ಪ್ರಶ್ನಿಸಿದರು.

ಹದಿನೆಂಟನೆಯದು ವೈಜಯಂತಿ ಪೆಡ್ನೇಕರ್, ಊರು ಮಾಜಾಳಿ.
ಬೋನಿನ ಕಡೆ ತಿರುಗಿಯೂ ನೋಡಿಲ್ಲ.
ಅರ್ಧ ಪುಟ, ತುಂಬ ಚಿತ್ತು.
‘ಈ ನಕ್ಷೆ ಅಳೆದದ್ದು ಯಾವ ವರ್ಷ?
ಮಳೆಗಾಲ ಕಳೆದ ಮೇಲೆ ಮರಳದಿಬ್ಬ ಇದ್ದಲ್ಲಿ ಇರುವುದಿಲ್ಲ.
ನೀವು ಆಳ ಎಂದು ತೋರಿಸಿದಲ್ಲಿ
ನಮ್ಮ ಮಾವನ ದೋಣಿ ಎರಡು ಸಲ ತಳ ತಾಗಿದೆ.
ಮೊದಲು ಬೈತಖೋಲಕ್ಕೆ ಫೋನು ಮಾಡುತ್ತೇನೆ,
ಆಮೇಲೆ ಹೊರಡುತ್ತೇನೆ. ತಪ್ಪಾದರೆ ತಪ್ಪು ನನ್ನದು.’

ನಕ್ಷೆಯ ಮೂಲೆ ನೋಡಿದೆ.
ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ.
ವರ್ಷ ಇತ್ತು, ಇರುವೆಯಷ್ಟು ಅಕ್ಷರದಲ್ಲಿ:
ನಾನು ಹೈಸ್ಕೂಲಿನಲ್ಲಿದ್ದಾಗಿನದು.
ಆರು ತಂಡಕ್ಕೆ ಇದನ್ನೇ ಗೋಡೆಗೆ ತೂಗಿ ಪಾಠ ಹೇಳಿದ್ದೇನೆ.

ಈಗ ಅಂಕ.
ಇಟ್ಟ ಹುಳುಕು ಕಾಣದ್ದಕ್ಕೆ ನಾಲ್ಕು ಕಳೆ, ಇದು ನಿಯಮ.
ಇಡದ ಹುಳುಕು ಕಂಡದ್ದಕ್ಕೆ?
ಮತ್ತೆ ಆ ಫೋನು ಯಾರೂ ಎತ್ತದಿದ್ದರೆ?
ಒಂಬತ್ತು ಜನ ನೀರಲ್ಲಿದ್ದಾರೆ, ತಂಗೀ,
ಭರತ ನೀನಂದುಕೊಂಡ ಹೊತ್ತಿಗೆ ಬರುವುದಿಲ್ಲ.
ನೀನೂ ತಪ್ಪಿದ್ದೀ.
ನಾವಿಬ್ಬರೂ ಸೇರಿದ್ದರೆ, ಬಹುಶಃ, ಆರು ಜನ ಉಳಿಯುತ್ತಿದ್ದರು.

ಪೆನ್ಸಿಲಿನಲ್ಲಿ ಏಳು ಎಂದು ಬರೆದೆ. ಅಳಿಸಿದೆ.
ಕಾಗದ ಅಲ್ಲಿ ತೆಳ್ಳಗಾಯಿತು.

ಐದಕ್ಕೆ ಇಳಿತ.
ಹಗ್ಗಕ್ಕೊಂದು ಸೀಸದ ಗುಂಡು ಕಟ್ಟಿದ್ದೇನೆ,
ಮಾರಿಗೊಂದು ಗಂಟು.
ಬೂಟು ಬಿಚ್ಚಿ ಅಳಿವೆಗೆ ಇಳಿದು ನೋಡಬೇಕು.
ಎಂಟಕ್ಕೆ ಹಾಳೆ ತುಂಬಿ ಕಳಿಸಬೇಕಿತ್ತು, ತಡವಾಗುತ್ತದೆ.
ಯಾಕೆ ಎಂದು ಕೇಳುತ್ತಾರೆ.

ಕೇಳಲಿ.