ವಾರಸುದಾರರಿಲ್ಲದ ಒಂಬತ್ತು ಪುಸ್ತಕ

ಸೊಲ್ಲಾಪುರದ ಬಸ್ಸಿನ ಕಡೇ ಸೀಟಿನ ಕೆಳಗ
ಸಿಕ್ಕ ಚೀಲ. ಕಂಡಕ್ಟರ್ ಮಡಿವಾಳಪ್ಪ ತಂದು
ನನ್ನ ಮೇಜಿನ ಮ್ಯಾಲ ಧಡ್ ಅಂತ ಇಟ್ಟ.
ವಿಜಾಪುರದ ಬಸ್‌ಸ್ಟ್ಯಾಂಡಿನ್ಯಾಗ, ವಿಚಾರಣಾ ಕಿಟಕಿಯ ಹಿಂದ,
ಕಳದ ಸಾಮಾನೆಲ್ಲಾ ನನ್ನ ಖೋಲಿಗೇ ಬರತಾವ.
ಒಂಬತ್ತು ಪುಸ್ತಕ, ಜಪಾನದ್ದು, ಇಂಗ್ಲೀಷಿನ್ಯಾಗ,
ಪಾನಿಗೆ ನಾಕೈದು ಚಿತ್ರ, ಚಿತ್ರದಾಗ ಮಾತು.
ರಿಜಿಸ್ಟರ್‌ನ್ಯಾಗ ಬರದೆ: 'ಗೊಂಬಿ ಪುಸ್ತಕ, ೯.'

ಬೀಗ ಹಾಕೂ ಮುಂದ ಒಂದು ತಗದು ನೋಡಿದೆ.
ಲಗ್ನದಿಂದ ಸುರುವಾಗಿ ಕತಿ ಹಿಂದಕ್ಕ ಹೊಂಟಿತ್ತು.
"ಆ ಕಡಿಂದ ತಗೀಬೇಕಕ್ಕಾ, ನಮ್ಮ ಉರ್ದು ಕಿತಾಬಿನಂಗ"
ಅಂದ್ಳು ಪಾಸ್ ಕೌಂಟರಿನ ಮೆಹಜಬೀನ.
ತಿರುವಿ ಹಿಡದೆ. ನೆಟ್ಟಗಾತು.

ಒಂದೂರ ರೇಲ್ವೆ ಸ್ಟೇಶನ್ನು. ಅಲ್ಲೊಂದು ನನ್ನಂಥದ ಖೋಲಿ,
ಕಳದ ಸಾಮಾನು ಕಾಯೂ ಹುಡುಗಿ.
ಗುರುವಾರಕ್ಕೊಮ್ಮೆ ಒಬ್ಬ ಹುಡುಗ ಬರತಾನ,
ತಾ ಕಳಕೊಳ್ಳದ್ದನ್ನ ಕೇಳತಾನ.
ಒಂದು ವಾರ ಹಸರ ಛತ್ರಿ, ಒಂದು ವಾರ ಎಡಗೈ ಗವಸು,
ಒಂದು ವಾರ, "ನಮ್ಮಜ್ಜನ ಕೆಮ್ಮು ಸಿಕ್ಕದೇನ್ರಿ?"
ಸುಳ್ಳಂತ ಅಕಿಗೆ ಗೊತ್ತು. ಆದ್ರೂ ಫಾರ್ಮು ಕೊಡತಾಳ,
ಅವ ತುಂಬತಾನ, ಅಕಿ ಸಿಕ್ಕಾ ಹೊಡೀತಾಳ.
ಆ ಸಿಕ್ಕಾದ ಸಪ್ಪಳಕ್ಕಂತ
ಒಂದು ಇಡೀ ಪಾನ ಬಿಟ್ಟಾರ, ಬರೇ ಬಿಳೇದು.
ಹದಿನಾರು ವರ್ಷ ಸಿಕ್ಕಾ ಹೊಡದಾಕಿ ನಾನು.
ಅದಕ್ಕ ಅಂಥಾ ಸಪ್ಪಳೈತಿ ಅಂತ ಗೊತ್ತಿರಲಿಲ್ಲ.

ಎರಡನೇ ಪುಸ್ತಕದ ತನಕಾ
ಬುತ್ತಿ ಬಿಚ್ಚಿದ್ದ ಮರತೆ. ರೊಟ್ಟಿ ಸೆಟದು ಹಪ್ಪಳಾತು.

ಮೂರನೇದ್ದರಾಗ ಬಂದ್ಳು ನೋಡ್ರಿ ಒಬ್ಬಾಕಿ ಕಾರಿನ್ಯಾಗ,
ಸಣ್ಣಿರತ ಅವಗ ಗೊತ್ತಾದ ಹೆಣ್ಣಂತ.
ನಾಕನೇದ್ದರಾಗ ಸಮುದ್ರದ ದಂಡಿ, ಮೈಮ್ಯಾಲ ಅರ್ಧಾ ಅರಿವಿ,
ನಮ್ಮ ಹುಡುಗಿ ಎಡವಿ ಹುಡುಗನ ಮ್ಯಾಲ ಬಿದ್ದಾಳ.
ಐದನೇದ್ದರಾಗೂ ಬಿದ್ದಾಳ. ಆರನೇದ್ದರಾಗ ಪಾವಟಿಗಿ ಮ್ಯಾಲಿಂದ.
"ಈ ಹುಡುಗಿಗೆ ಯಾರರೆ ಕ್ಯಾಲ್ಸಿಯಂ ಗುಳಗಿ ಕೊಡ್ರೋ" ಅಂದೆ,
ಮೆಹಜಬೀನ ಚಾ ಚೆಲ್ಲಿಕೊಂಡ್ಳು.
ಏಳನೇದ್ದರಾಗ ಹುಡುಗನ ತಲಿಗೆ ಪೆಟ್ಟು, ಎಲ್ಲಾ ಮರವು.
ಆ ಖೋಲಿ ಎಲ್ಲಿ ಹೋತು? ಹುಡುಕಿದೆ.
ಒಂದು ಪಾನದ ಮೂಲ್ಯಾಗ ಅದರ ಬಾಗಲಾ, ಉಗುರಿನಷ್ಟು.
ಯಾಕ ಬರತಿದ್ದ ಅವ? ಅದೊಂದ ಮಾತು
ಒಂಬತ್ತು ಪುಸ್ತಕದಾಗ ಯಾರೂ ಕೇಳಲಿಲ್ಲ.
ಕಡೀಕ ನಾಕು ಪಾನದಾಗ ಲಗ್ನ. ಮುಗೀತು.

ಸಿಟ್ಟು ಬಂತು ನನಗ. ಯಾಕಂದ್ರ
ಈ ಕಪಾಟಿನ್ಯಾಗ ಏನೈತಿ ನಾ ಬಲ್ಲೆ:
ಬಲಗಾಲಿನ ಚಪ್ಪಲಿ ಏಳು, ಎಡಗಾಲಿಂದು ಎರಡು,
ಹೆಸರು ಅಳಸಿದ ಎದಿ ಎಕ್ಸ್‌ರೇ,
ತಾರೀಖು ದಾಟಿದ ಲಗ್ನಪತ್ರಿಕಿ ಮುನ್ನೂರು.
ಇವನ್ನ ಕೇಳಾಕ ಯಾರೂ ಬರೂದಿಲ್ಲ.
ಬರಾವ್ರು ಬ್ಯಾರೇನ ಇರತಾರ.
ತಾಳಿಕೋಟಿ ಬಸ್ಸಿನ ವ್ಯಾಳ್ಯಾ ಕೇಳತಾರ,
ಹೇಳಿದ ಮ್ಯಾಲೂ ಕಿಟಕಿ ಬಿಟ್ಟು ಹೋಗೂದಿಲ್ಲ.

ಒಬ್ಬಾಂವ ಬರತಿದ್ದ. ಹತ್ತು ವರ್ಷದ ಹಿಂದಿನ ಮಾತು.
ವಾಚು ಕಳದೇತ್ರಿ ಅಂತಿದ್ದ,
ವಾಚು ಕಟ್ಟಿದ ಕೈಯಿಂದ ಕಿಟಕಿಯ ಸರಳು ಹಿಡದು.
ನಾ ಫಾರ್ಮು ಕೊಡಲಿಲ್ಲ.

ದೀಪಾವಳಿ ಮುಂದ ಬಂದ್ಳು ಪುಸ್ತಕದಾಕಿ.
ಕಾಲೇಜಿನ ಕಾರ್ಡು, ಹೆಸರು ಸುಗಲಾ ಹಂಚಿನಾಳ,
ಬೆರಳ ತುಂಬ ಮಸಿ. ತಾನೂ ಚಿತ್ರ ತಗೀತಾಳಂತ.
ಚೀಲಾ ಕೊಟ್ಟೆ. ಒಂದು, ಎರಡು, ಎಣಿಸಿ ತಗೊಂಡ್ಳು,
ಉಳದ ಏಳು ನನ್ನ ಕಡೆ ಸರಿಸಿದ್ಳು.
"ಇವು ಯಾರಿಗವ್ವಾ?"
"ನಾ ಕಳಕೊಂಡಿದ್ದು ಇಷ್ಟ ರೀ."

ಒಯ್ಯಲಾರದ್ದು ಬರಿಯಾಕ
ನಮ್ಮ ರಿಜಿಸ್ಟರ್‌ನ್ಯಾಗ ಕಾಲಂ ಇಲ್ಲ.
'ಮಾಲು ಪೂರ್ತಿ ಮುಟ್ಟಿತು' ಅಂತ ಬರದು ಸಹಿ ತಗೊಂಡೆ.
ಸಿಕ್ಕಾ ಹೊಡದೆ,
ಅಕಿಗೆ ಕೇಳಲೆಂತ ತುಸು ಜೋರಿಲೆ.